ಉಣ್ಣೆ ಇಲ್ಲದ ಭಂಡಾರ

ತುಳಜಾಬಾಯಿಗೆ ಹನ್ನೊಂದು ದಿನದ ಪಗಾರ ಬರಬೇಕು. ಇನ್ನೂ ಬಂದಿಲ್ಲ. ಎಪ್ಪತ್ತೆಂಟರ ಫೆಬ್ರುವರಿಯಲ್ಲಿ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕಾರಖಾನೆಯೊಂದರಲ್ಲಿ ಆಕೆ ಸುತ್ತಿದ ನೂಲು ಚಾದರವಾಗಿ, ಆ ಚಾದರ ಯಾರದೋ ಮನೆಯಲ್ಲಿ ಹರಿದು, ನೆಲ ಒರೆಸುವ ಅರಿವೆಯೂ ಆಗಿರಬೇಕು. ಪಗಾರ ಮಾತ್ರ ಸೇಠನ ಗಲ್ಲಾಪೆಟ್ಟಿಗೆಯಲ್ಲೇ ಕೂತಿದೆ.

ಆಕೆ ವಾಗದರಿಯ ಕುರಿಯವರ ಮನೆಯ ಸೊಸೆ. ಅಣ್ಣತಮ್ಮಂದಿರು ಹಿಂಡು ಹಂಚಿಕೊಂಡಾಗ ಗಂಡ ಅಮೋಗಸಿದ್ಧ ತನ್ನ ಪಾಲು ಮಾರಿ ಸೊಲ್ಲಾಪುರಕ್ಕೆ ಬಂದು ಹಮಾಲನಾದ. ಈಕೆ ಕಾರಖಾನೆಯಲ್ಲಿ ಮಗ್ಗದ ಲಾಳಿಗೆ ಹಾಕುವ ಕಂಡಿಕೆ ಸುತ್ತಲು ಕೂತಳು. ಪಕ್ಕದ ರಾಟೆಯವಳು ಲಚ್ಚವ್ವ, ತೆಲುಗು ನೇಕಾರರ ಹೆಂಗಸು. ಈಕೆಗೆ ತೆಲುಗು ಬಾರದು, ಅವಳ ಕನ್ನಡ ಕುಂಟುತ್ತದೆ. ಇಬ್ಬರೂ ಮರಾಠಿಯಲ್ಲಿ ಬೈದಾಡಿ ಕನ್ನಡದಲ್ಲಿ ನಗುತ್ತಿದ್ದರು.

ಇಬ್ಬರ ಓಣಿಗಳ ನಡುವೆ ಇದ್ದದ್ದು ಒಂದೇ ನಳ. ಕೊಡಕ್ಕೆ ಕೊಡ ತಾಗಿದರೆ ಬೈಗುಳ ಹಾರುತ್ತಿತ್ತು, ಅಷ್ಟಕ್ಕೇ ಮುಗಿಯುತ್ತಿತ್ತು. ವಿಧಾನಸಭೆಗೆ ಸೇಠ ನಿಂತ ಮೇಲೆ ಬೈಗುಳದ ಕೈಗೆ ಕೋಲು ಬಂತು. ತೆಲುಗರ ವೋಟು ಯೂನಿಯನ್ನಿನ ಉಮೇದುವಾರನಿಗೆ ಎಂದು ಸೇಠನಿಗೆ ಗೊತ್ತಿತ್ತು. ಆಳುಗಳ ಮೇಲೆ ಅವನಿಟ್ಟ ಮುಕಾದಮ ಕಲ್ಯಾಣಪ್ಪ ತುಳಜಾಬಾಯಿಯ ಜಾತಿಯವನೇ. ಅವನು ಓಣಿಯಲ್ಲಿ ಮನೆಮನೆ ತಿರುಗಿ, ತೆಲುಗರು ತಮ್ಮ ಮಂದಿಯನ್ನು ಕರೆಸುತ್ತಿದ್ದಾರೆ, ಇವತ್ತು ನಳ, ನಾಳೆ ನಿಮ್ಮ ಕೆಲಸ ಎಂದು ಹಬ್ಬಿಸಿದ. ಒಂದು ಸಂಜೆ ಕಲ್ಲು ಬಿದ್ದವು. ನೇಕಾರರ ಎರಡು ಗುಡಿಸಲು ಸುಟ್ಟವು. ಪೊಲೀಸರು ಬಂದರು, ಸುಟ್ಟವರನ್ನು ಬಿಟ್ಟು ಸುಟ್ಟ ಮನೆಯವರ ಹೆಸರು ಬರೆದುಕೊಂಡು ಹೋದರು.

ಮರುದಿನ ಕಲ್ಯಾಣಪ್ಪ, ಹುಲಜಂತಿಯದು ಎಂದು ಹೇಳಿ, ಹರಿವಾಣದ ತುಂಬ ಭಂಡಾರ ತಂದ. ಕುರಿಯವರ ದೇವರು ಬಿರೋಬನ ಹಳದಿ ಪುಡಿ ಅದು. ಅದನ್ನು ಮುಟ್ಟಿ ಆಣೆ ಇಟ್ಟವನು ಸತ್ತರೂ ಮಾತಿಗೆ ತಪ್ಪುವುದಿಲ್ಲ. ವೋಟಿನ ದಿನ ತೆಲುಗರ ಒಂದು ಪಿಳ್ಳೆಯನ್ನೂ ನಳ ದಾಟಿ ಬೂತಿಗೆ ಬಿಡುವುದಿಲ್ಲ ಎಂದು ಮೂವತ್ತು ಗಂಡಸರು ಕೈ ಇಟ್ಟರು. "ಈಗ ಹಚ್ಚಿಕೋಬ್ಯಾಡ್ರಿ, ಗೆದ್ದ ಮ್ಯಾಲೆ ಹಚ್ಚಿಕೊಳ್ರಿ" ಎಂದು ಕಲ್ಯಾಣಪ್ಪ ಎಲ್ಲರಿಗೂ ಚಿಟಿಕೆ ಚಿಟಿಕೆ ಕಟ್ಟಿಕೊಟ್ಟ. ಅಮೋಗಸಿದ್ಧನೂ ಧೋತರದ ಚುಂಗಿಗೆ ಗಂಟು ಹಾಕಿಕೊಂಡ.

ವೋಟಿನ ದಿನ ಬೆಳಿಗ್ಗೆ ಅವನು ಕೋಲಿಗೆ ಎಣ್ಣೆ ಹಚ್ಚುತ್ತಿದ್ದ.

"ಲಚ್ಚವ್ವ ಬಂದ್ರ?" ಎಂದು ತುಳಜಾಬಾಯಿ ಕೇಳಿದಳು.

"ಬಂದ್ರ ಹೊಡೀತೀನಿ."

"ಹ್ವಾದ ವರ್ಷ ನಾ ಜ್ವರಾ ಬಂದು ಮಲಗಿದಾಗ ನನ್ನ ಪಾಲಿನ ಕಂಡಿಕಿ ಸುತ್ತಿದಾಕಿ ಆಕಿ. ಆ ರೊಕ್ಕದಾಗಿನ ರೊಟ್ಟಿ ನೀವೂ ತಿಂದೀರಿ."

"ನನಗ ಗೊತ್ತಿಲ್ಲೇನು?" ಅವನು ತಲೆ ಎತ್ತಲಿಲ್ಲ. "ಭಂಡಾರ ಮುಟ್ಟೀನಿ, ತುಳಜಾ. ಮಾತು ಮುರದ್ರ ಬಿರೋಬಾ ಮನಿ ತೊಳದು ಬಿಡ್ತಾನ. ಇರಾಂವ ಒಬ್ಬ ಮಗ."

ಪುಂಡನಾಗಿದ್ದರೆ ಬೈದು ಕೂಡಿಸಬಹುದಿತ್ತು. ಇವನು ನಿಯತ್ತಿನ ಮನುಷ್ಯ. ನಿಯತ್ತಿಗಾಗಿಯೇ ಲಚ್ಚವ್ವನ ತಲೆ ಒಡೆಯುವವನು.

"ಆ ಭಂಡಾರ ಕೊಡ್ರಿ, ನಾನೂ ಹಚ್ಚಿಕೊಳ್ತೀನಿ" ಎಂದು ಗಂಟು ಬಿಚ್ಚಿಸಿ ಹಣೆಗೆ ಹಚ್ಚಿಕೊಂಡಳು. ಹಣೆ ಚುರುಗುಟ್ಟಿತು. ಎರಡು ಸೀನು ಬಂದವು. ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಕೆಂಪು ಚುಕ್ಕೆ ಇದ್ದವು, ಉಣ್ಣೆಯ ಒಂದು ಎಳೆಯೂ ಇರಲಿಲ್ಲ.

ಹುಲಜಂತಿಯ ಜಾತ್ರೆಯಲ್ಲಿ ದೇವರ ಪಲ್ಲಕ್ಕಿಗಳ ಮೇಲೆ ಭಂಡಾರದ ಜೊತೆ ಉಣ್ಣೆ, ಕೊಬ್ಬರಿ ಎಲ್ಲ ಎಸೆಯುತ್ತಾರೆ. ಅಲ್ಲಿಂದ ಬಳಿದು ತಂದ ಭಂಡಾರದಲ್ಲಿ ಉಣ್ಣೆ ಇದ್ದೇ ಇರುತ್ತದೆ. ತುಳಜಾಬಾಯಿ ದೇವರ ಮಾಡದಿಂದ ತನ್ನ ತೊಗಲಿನ ಭಂಡಾರ ಚೀಲ ತೆಗೆದುಕೊಂಡು ನಳದ ಕಡೆ ನಡೆದಳು. ಗಂಡ ಕೋಲು ಹಿಡಿದು ಹಿಂದೆ ಬಂದ.

ನಳದ ಈಚೆ ಮೂವತ್ತು ಕೋಲು. ಆಚೆ ವೋಟಿಗೆ ಹೊರಟ ತೆಲುಗರು, ಎಲ್ಲರಿಗಿಂತ ಮುಂದೆ ಲಚ್ಚವ್ವ.

ತುಳಜಾಬಾಯಿ ಓಣಿಯ ಹಿರಿಯನ ಮುಂದೆ ಗಂಡನ ಗಂಟಿನ ಚಿಟಿಕೆ ಹಿಡಿದಳು. "ಹಣಮಂತಪ್ಪ ಕಾಕಾ, ನೀವು ಮುಟ್ಟಿದ ಭಂಡಾರ. ಹಣಿಗೆ ಹಚ್ಚಿಕೊಳ್ರಿ."

ಮುದುಕ ಹಚ್ಚಿಕೊಂಡ. ಮೂರು ಸಲ ಸೀನಿದ. "ಏನವ್ವಾ ಇದು, ಉರಿಯಾಕತ್ತೈತಿ!"

"ಖಾರಾ ಕುಟ್ಟೂ ಗಿರಣ್ಯಾಗ ಬೀಸಿದ ಅರಿಶಿಣ. ಸಾರಿಗೆ ಹಾಕ್ರಿ, ರುಚಿ ಆಗ್ತದ."

"ಬಾಯಿ ಮುಚ್ಚು!" ಎಂದು ಕಲ್ಯಾಣಪ್ಪ ಮುಂದೆ ಬಂದ. "ಹುಲಜಂತಿಯಿಂದ ನಾನೇ ತಂದೀನಿ."

"ಹೌದಣ್ಣಾ?" ತುಳಜಾಬಾಯಿ ಚೀಲದ ಬಾಯಿ ಬಿಚ್ಚಿದಳು. "ಇದು ಹುಲಜಂತೀದು. ಉಣ್ಣಿ ನೋಡು. ಇದರಾಗ ಕೈ ಇಟ್ಟು ಅದೇ ಮಾತು ಇನ್ನೊಮ್ಮೆ ಅನ್ನು. ನಾನೇ ಕೋಲು ಹಿಡೀತೀನಿ."

ಸೇಠನಿಗಾಗಿ ಕಲ್ಯಾಣಪ್ಪ ಸುಳ್ಳು ಹೇಳಬಲ್ಲ, ಬೆಂಕಿ ಹಚ್ಚಿಸಬಲ್ಲ. ಆದರೆ ಅವನೂ ಬಿರೋಬನ ಒಕ್ಕಲು, ಮನೆಯಲ್ಲಿ ಮೂರು ಮಕ್ಕಳು. ಕೈ ಮುಂದೆ ಬಂತು, ಚೀಲದ ಮೇಲೆ ಒಂದು ಗೇಣಿನಲ್ಲಿ ನಿಂತುಬಿಟ್ಟಿತು.

ಆಚೆಯಿಂದ ಲಚ್ಚವ್ವ ಕೂಗಿದಳು: "ಇಡು ಅಣ್ಣಾ! ಕೋಲು ಹಿಡಿಯೋ ಕೈ, ಪುಡಿಗ್ಯಾಕ ಅಂಜ್ತದ?"

ಕಲ್ಯಾಣಪ್ಪ ಕೈ ಹಿಂದೆ ತೆಗೆದ. "ಸೇಠನ ಕಿರಾಣಿ ಅಂಗಡೀದು" ಎಂದು ಗೊಣಗಿದ. "ಹುಲಜಂತಿಗೆ ಹೋಗಾಕ ಟೈಮ್ ಎಲ್ಲಿತ್ತು?"

"ಲೇ ಭಾಡ್ಯಾ!" ಹಣಮಂತಪ್ಪ ಹಣೆ ಒರೆಸಿಕೊಳ್ಳುತ್ತ ಹಾರಾಡಿದ. "ಮೂವತ್ತು ಮಂದಿಗೆ ಸಾರಿನ ಪುಡಿ ಮ್ಯಾಲೆ ಆಣಿ ಹಾಕಿಸೀಯಲ್ಲೋ!"

ಯಾರೋ ಕಿಸಕ್ಕನೆ ನಕ್ಕರು. ಕೋಲುಗಳು ಕೆಳಗಿಳಿದವು. ಅಮೋಗಸಿದ್ಧ ಕೋಲನ್ನು ಗಟಾರಕ್ಕೆ ಎಸೆದು, ನಳ ತಿರುವಿ ಕೈ ತೊಳೆದುಕೊಂಡ. "ದಾರಿ ಬಿಡ್ರಿ" ಎಂದ. ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ. ಗುಡಿಸಲು ಸುಟ್ಟು ಇನ್ನೂ ವಾರವಾಗಿರಲಿಲ್ಲ. ಲಚ್ಚವ್ವ ದಾಟಿ ಹೋಗುವಾಗ ಹೇಳಿದಳು: "ಅಕ್ಕಾ, ನಿನ್ನ ಗಂಡಗ ಹೇಳು, ಮುಂದಿನ ಸಲ ಆಣಿ ಇಡೂ ಮೊದಲು ಮೂಸಿ ನೋಡಂತ."

ಆ ದಿನ ಆ ನಳದ ಹತ್ತಿರ ಒಂದು ಕಲ್ಲೂ ಬೀಳಲಿಲ್ಲ. ಎಣಿಕೆಯಲ್ಲಿ ಸೇಠ ಸೋತ. ಮರುದಿನ ಅಮೋಗಸಿದ್ಧ ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ಸುಟ್ಟ ಗುಡಿಸಲುಗಳಿಗೆ ಬಿದಿರು ಹಾಕಿ ತಗಡು ಹೊದಿಸಿದ. ಯಾರೂ ಅವನನ್ನು ಕರೆದಿರಲಿಲ್ಲ. ಮೊದಲ ದಿನ ಅವರಿಗೆ ಯಾರೂ ನೀರು ಕೂಡ ಕೊಡಲಿಲ್ಲ. ಎರಡನೆಯ ದಿನ ಚಹಾ ಬಂತು.

ತುಳಜಾಬಾಯಿ ಕೆಲಸಕ್ಕೆ ಹೋದರೆ ಗೇಟಿನಲ್ಲೇ ತಡೆದರು. ಹನ್ನೊಂದು ದಿನದ ಪಗಾರ ಕೇಳಿದಳು. "ಬಿರೋಬನ್ನ ಕೇಳ್ಹೋಗು" ಎಂದ ಸೇಠ. ಒಳಗೆ ಕೂತಿದ್ದ ಲಚ್ಚವ್ವ ರಾಟೆ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಈಗ ಲಚ್ಚವ್ವನ ಮನೆಯ ಎರಡು ಕೈಮಗ್ಗಕ್ಕೆ ಇಬ್ಬರೂ ಕೂಡಿ ಕಂಡಿಕೆ ಸುತ್ತುತ್ತಾರೆ. ದುಡ್ಡು ಕಡಿಮೆ, ಬೈದಾಟ ಅಷ್ಟೇ ಇದೆ.

ಇದಾಗಿ ಎರಡು ವರ್ಷವಾಯಿತು. ಸೇಠ ಮತ್ತೆ ನಿಲ್ಲುತ್ತಾನಂತೆ. ಕೈ ಮುಗಿದುಕೊಂಡು ನಿಮ್ಮ ಬಾಗಿಲಿಗೂ ಬರುತ್ತಾನೆ. ಬಂದಾಗ ನಿಮ್ಮ ಜಾತಿ, ನಿಮ್ಮ ಭಾಷೆ, ನಿಮ್ಮ ದೇವರ ಮಾತು ತೆಗೆಯುತ್ತಾನೆ. ತೆಗೆಯಲು ಬಿಡಬೇಡಿ. ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿ: ತುಳಜಾಬಾಯಿಯ ಹನ್ನೊಂದು ದಿನದ ಪಗಾರ ಎಲ್ಲಿ? ಅದನ್ನು ಎಣಿಸಿ ಆಕೆಯ ಕೈಗೆ ಕೊಟ್ಟು ಬರುವವರೆಗೆ ಅವನನ್ನು ಒಳಗೆ ಕರೆಯಬೇಡಿ.