ಗೀರು ಬಿದ್ದ ಗೌರಿ ಹಾಡು

ಹೊಸದುರ್ಗದ ಬಸ್ಸಿನಿಂದ ಮತ್ತೋಡಿನಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಹಳೆಯ ಗ್ರಾಮಫೋನ್ ಪ್ಲೇಟುಗಳಲ್ಲಿ ಉಳಿದುಹೋದ ಹಬ್ಬದ ಹಾಡುಗಳನ್ನು ಫೋನಿಗೆ ಇಳಿಸಿಕೊಂಡು ಗೆಳೆಯರಿಗೆ ಹಂಚುವುದು ನನ್ನ ಹುಚ್ಚು. ಒಂದು ಕಾಲಕ್ಕೆ ಊರಿಗೆಲ್ಲ ಮೈಕ್‌ಸೆಟ್ ಹಾಕುತ್ತಿದ್ದ ರುದ್ರಣ್ಣನವರ ಬಳಿ, ನಾನು ಬೇರೆಲ್ಲೂ ಕೇಳಿರದ ಗೌರಿಹಬ್ಬದ ಹಾಡೊಂದಿತ್ತು.

ಅವರು ಪ್ಲೇಟನ್ನು ಪಂಚೆಯ ಅಂಚಿನಿಂದ ಒರೆಸಿ ತಿರುಗಲು ಬಿಟ್ಟು, ಮುಳ್ಳಿನ ತಲೆಯ ಮೇಲೆ ಭಾರಕ್ಕೆಂದು ಹಳೇ ನಾಲ್ಕಾಣೆ ಇಟ್ಟರು. ಹಾಡು ಚೆನ್ನಾಗಿಯೇ ಸಾಗಿ, ‘ಹೊಸಿಲು ದಾಟಿ ಬಾರೆ’ ಎಂಬಲ್ಲಿ ಸಿಕ್ಕಿಕೊಂಡಿತು. ಅದೇ ಮಾತು ಮೂರು ಸಲ ಬಂದ ಮೇಲೆ ಅವರು ಬೆರಳಿನಿಂದ ಮುಳ್ಳನ್ನು ಮುಂದಕ್ಕೆ ತಳ್ಳಿದರು.

“ಗೀರು ಬಿದ್ದೈತೆ. ಆವಾಗ್ಲೂ ಹಿಂಗೇ ತಳ್ತಿದ್ದೆ,” ಎಂದರು.

“ಇರ್ಲಿ ಬಿಡ್ರಿ, ಹೆಚ್ಚಿಗೆ ಬಂದಿದ್ದನ್ನ ಫೋನಲ್ಲಿ ಕತ್ತರಿಸ್ತೀನಿ,” ಎಂದೆ.

ಬಾಗಿಲ ಬಳಿ ಹೂ ಕಟ್ಟುತ್ತಿದ್ದ ಅವರ ಹೆಂಡತಿ ಗಂಗಕ್ಕ ತಲೆಯೆತ್ತಿದರು.

“ಯಾಕ್ರೀ ಕತ್ತರಿಸ್ತೀರಿ? ನಾವೆಲ್ಲ ಈ ಮೈಕ್ ಕೇಳೇ ಕಲ್ತಿದ್ದು. ಮೂರು ಸಲ ಕರೀದೆ ನಮ್ಮೂರಾಗೆ ಯಾರೂ ಗೌರಮ್ಮನ್ನ ಒಳಕ್ಕೆ ತರಲ್ಲ.”

ನಂಬಿಕೆ ಬರಲೆಂದೋ ಏನೋ, ಹೂ ಕಟ್ಟುತ್ತಲೇ ಹಾಡಿ ತೋರಿಸಿದರು. ಮೂರು ಸಲ ಕರೆದು, ಒಂದು ಉಸಿರಿನಷ್ಟು ಹೊತ್ತು ಸುಮ್ಮನಾದರು. ಪ್ಲೇಟು ಆಗಲೇ ನಿಂತಿತ್ತು. ಆದರೂ ಆ ಬಿಡುವಿನಲ್ಲಿ ರುದ್ರಣ್ಣನವರ ಬೆರಳು ಮಂಡಿಯ ಮೇಲೆ ಮೆಲ್ಲಗೆ ಮುಂದಕ್ಕೆ ಸರಿಯಿತು.

ಗಂಗಕ್ಕ ಮುಂದಿನ ಸಾಲು ಎತ್ತಿಕೊಂಡರು.