ಸ್ಪೀಡು, ಸ್ವಾಮಿ ಮತ್ತು ಡೋರೀನ್

ನೀವು ನಕ್ಕರೂ ಸರಿ, ಮೋಡೆಮ್ ಕೂಗುವಾಗ ನಾನು ಮಾತು ನಿಲ್ಲಿಸಿಬಿಡುತ್ತಿದ್ದೆ. ಅದು ಮೊದಲು ಫೋನ್ ನಂಬರು ಒತ್ತಿಕೊಂಡು, ಆಮೇಲೆ ಕಾದ ಬಾಣಲೆಗೆ ನೀರು ಬಿದ್ದಂತೆ ಚುರ್ ಎಂದು, ಕಡೆಗೆ ಯಾವುದೋ ಹಕ್ಕಿ ಗಂಟಲು ಸರಿಮಾಡಿಕೊಂಡಂತೆ ಕಿರುಚಿ ಸುಮ್ಮನಾಗುತ್ತಿತ್ತು. ಆ ಮೌನದಲ್ಲಿ ಮುಳಬಾಗಿಲಿನ ನಮ್ಮ ನಡುಮನೆಗೆ ಇಡೀ ವರ್ಲ್ಡು ಬಂದು ಚಪ್ಪಲಿ ಬಿಟ್ಟು ನಿಂತಂತಾಗುತ್ತಿತ್ತು. ಕಾನ್ವೆಂಟಿನಲ್ಲಿ ಚಾಪೆಲ್ಲಿನ ಗಂಟೆ ಹೊಡೆದಾಗಲೂ ಹೀಗೆಯೇ ನಮ್ಮ ಮಾತು ನಿಲ್ಲುತ್ತಿತ್ತು. ಹಳೆಯ ಹ್ಯಾಬಿಟ್ಟು.

ಎರಡು ಸಾವಿರದ ಇಸವಿ ಕಳೆದ ಹೊಸತು. ಮನೆಯಲ್ಲಿದ್ದವರು ಮೂವರು: ಟೀಚರ್ ಕೆಲಸ ಮುಗಿಸಿದ್ದ ನಾನು, ಅಕೌಂಟೆಂಟ್ ಆಗಿದ್ದ ನಮ್ಮ ಯಜಮಾನರು, ಅವರ ಅಕ್ಕ ಸುಂದರತ್ತಿಗೆ. ಅಕೌಂಟೆಂಟರು ರಿಟೈರ್ ಆಗುವುದಿಲ್ಲ, ಆಡಿಟ್ ಮಾಡುವ ವಸ್ತು ಬದಲಾಗುತ್ತದೆ ಅಷ್ಟೇ ಎಂಬುದು ನನ್ನ ಥಿಯರಿ. ಯಜಮಾನರು ಕಂಪ್ಯೂಟರನ್ನು ಹಿಡಿದರು. ಆಪರೇಟಿಂಗ್ ಸಿಸ್ಟಮ್ ಎಂಬುದು ಇಂಟರ್ನೆಟ್ ಲೈನಿನ ಐದನೇ ಒಂದು ಪಾಲನ್ನು ತನಗೆಂದು ತೆಗೆದಿರಿಸಿಕೊಳ್ಳುತ್ತದೆ ಎಂದು ಪೇಪರಿನಲ್ಲಿ ಓದಿದ ದಿನ ಅವರಿಗೆ ಊಟ ಸೇರಲಿಲ್ಲ.

“ನೋಡಿದ್ಯೇನೇ ಕಮಲಾ? ಲೈನು ನಮ್ದು, ಬಿಲ್ಲು ನಮ್ದು, ಮಧ್ಯೆ ಇದಕ್ಕೆ ಕಮಿಷನ್ನು!”

ಅಂದಿನಿಂದ ಸೆಟ್ಟಿಂಗ್ಸ್ ಶುರುವಾಯಿತು. ಆ ಐದನೇ ಪಾಲನ್ನು ಕಿತ್ತುಕೊಂಡರು. ತಾನಾಗಿಯೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿದರು. ಒಂದೊಂದು ಟಿಕ್ ತೆಗೆದಾಗಲೂ ವೋಚರ್ ರಿಜೆಕ್ಟ್ ಮಾಡಿದ ಸಂತೋಷ ಅವರ ಮುಖದಲ್ಲಿ. ನಾನು ಪಕ್ಕದಲ್ಲಿ ಕೂತು ಬೆರಗಾಗುತ್ತಿದ್ದೆ. ಒಂದು ಬಾಗಿಲು ತೆರೆದರೆ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ನಾನು ಓದಿದ್ದು ಚಿನ್ನದ ಗಣಿಯ ಊರಿನಲ್ಲಿ. ನಾವು ಕುಂಟೆಬಿಲ್ಲೆ ಆಡುತ್ತಿದ್ದ ನೆಲದ ಕೆಳಗೆ ಹಂತಹಂತವಾಗಿ ಸುರಂಗಗಳಿವೆ, ಅಲ್ಲಿ ಈಗಲೂ ಯಾರೋ ನಡೆಯುತ್ತಿದ್ದಾರೆ ಎಂದು ನೆನೆದಾಗ ಅಂಗಾಲು ಜುಮ್ಮೆನ್ನುತ್ತಿತ್ತು. ಈ ಪೆಟ್ಟಿಗೆಯ ಮುಂದೆಯೂ ಅದೇ ಜುಮ್ಮು. ಅಂತೂ ಪೇಜುಗಳು ಬೇಗ ಬರತೊಡಗಿದವು. ಯಜಮಾನರು ಮೀಸೆಯಲ್ಲೇ ನಕ್ಕರು.

ಆಗಲೇ ಡೋರೀನಳ ಈಮೇಲ್ ಬಂದದ್ದು. ಕಾನ್ವೆಂಟಿನಲ್ಲಿ ನನ್ನ ಬೆಂಚಿನವಳು. ಅವಳ ಡ್ಯಾಡಿಗೆ ಗಣಿಯಲ್ಲಿ ಕೆಲಸ. ಸ್ಕೂಲು ಮುಗಿದ ವರ್ಷವೇ ಅವರ ಮನೆಯವರೆಲ್ಲ ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ಸ್ವಲ್ಪ ಕಾಲ ಕಾಗದಗಳು ಬಂದವು, ಆಮೇಲೆ ನಿಂತವು. ಈಗ ಹಳೆಯ ಸ್ಟೂಡೆಂಟುಗಳ ಯಾವುದೋ ಗುಂಪಿನಿಂದ ನನ್ನ ವಿಳಾಸ ಹಿಡಿದಿದ್ದಳು. ‘ಕಮ್ಮೂ, ಕಾಯಿಲೆ ಬಿದ್ದು ಎದ್ದಿದ್ದೇನೆ. ಕನ್ನಡಿಯಲ್ಲಿರುವವಳು ಯಾರೋ ಬೇರೆಯವಳು. ಇದರಲ್ಲಿ ನನ್ನ ಫೋಟೋ ಇದೆ. ನೋಡಿದ ಕೂಡಲೇ ಬರೆ. ದಾರಿಯಲ್ಲಿ ಸಿಕ್ಕಿದ್ದರೆ ಗುರುತು ಹಿಡಿಯುತ್ತಿದ್ದೆಯಾ? ಸುಳ್ಳು ಹೇಳಬೇಡ.’

ಕೆಳಗೆ ಫೋಟೋ ಇರಬೇಕಾದ ಜಾಗದಲ್ಲಿ ಒಂದು ಬಿಳಿಯ ಚೌಕ, ಅದರ ಮೂಲೆಯಲ್ಲಿ ಪುಟ್ಟ ಕೆಂಪು ಇಂಟು ಮಾರ್ಕು. ಜೀವಮಾನವೆಲ್ಲ ಮಕ್ಕಳ ಪೇಪರಿನಲ್ಲಿ ನಾನು ಹಾಕಿದ ಗುರುತು!

“ಫೋಟೋ ಅಂದ್ರೆ ಭಾರ ಇರುತ್ತೆ, ಲೈನ್ ಸ್ಲೋ,” ಎಂದು ಯಜಮಾನರು ಮತ್ತೆ ಸೆಟ್ಟಿಂಗ್ಸಿಗೆ ಇಳಿದರು. ಇನ್ನಷ್ಟು ಟಿಕ್ಕುಗಳು ಹೋದವು. ಮರುದಿನ ಪೇಜು ಇನ್ನೂ ಬೇಗ ಬಂತು, ಇಂಟು ಮಾರ್ಕೂ ಇನ್ನೂ ಬೇಗ ಬಂತು. ‘ಚೆನ್ನಾಗಿದ್ದೀಯ, ಹಾಗೇ ಇದ್ದೀಯ’ ಎಂದು ಬರೆದುಬಿಡಬಹುದಿತ್ತು. ಡೋರೀನಳಿಗೆ ಹಾಗೆ ಬರೆಯಲು ಕೈ ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾಯುತ್ತಿದ್ದಾಗ ಅವಳದೇ ಇನ್ನೊಂದು ಈಮೇಲ್ ಬಂತು. ಒಂದೇ ಸಾಲು: ‘ಅಷ್ಟೊಂದು ಬದಲಾಗಿದ್ದೀನಾ?’

ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಬೈರಕೂರಿನ ಮಾವಿನಕಾಯಿ ಹೆಚ್ಚುತ್ತಿದ್ದ ಸುಂದರತ್ತಿಗೆ ಈಳಿಗೆಮಣೆ ಬಿಟ್ಟು ಎದ್ದು ಬಂದು ತಮ್ಮನತ್ತ ತಿರುಗಿದರು. ಅವರ ಕನ್ನಡಕ್ಕೆ ತೆಲುಗಿನ ಒಗ್ಗರಣೆ ಬೀಳದ ದಿನವಿಲ್ಲ.

“ಏಮಿರಾ ಸೀನಾ, ನೀನು ಸ್ಪೀಡ್ ಮಾಡ್ದಾಗಿಂದ ಸ್ವಾಮಿ ಬರೋದೂ ನಿಂತೋಯ್ತು. ಮೊದ್ಲು ಕಿರೀಟ ಬರ್ತಿತ್ತು, ಆಮೇಲೆ ನಾಮ, ಆಮೇಲೆ ಪಾದ. ಕೈಮುಗಿದು ನಿಂತ್ಕೊಳಕ್ಕೆ ಟೈಮಾದ್ರೂ ಇರ್ತಿತ್ತು. ಈಗ ಬರೀ ಅಕ್ಷರ. ತಾಲ್ಲೂಕಾಫೀಸ್ ಗೋಡೆ ನೋಡ್ದಂಗಿದೆ!”

ನಿಜ. ಅತ್ತಿಗೆ ದಿನಾ ಬೆಳಗ್ಗೆ ತಿರುಪತಿಯ ಪೇಜು ಹಾಕಿಸಿಕೊಂಡು ದರ್ಶನ ಮಾಡುತ್ತಿದ್ದರು. ಯಜಮಾನರು ನೋಡುವುದು ಷೇರಿನ ರೇಟು, ಅದಕ್ಕೆ ಚಿತ್ರ ಯಾಕೆ ಬೇಕು? ನಾನು ಕನ್ನಡಕ ಏರಿಸಿಕೊಂಡು ಸೆಟ್ಟಿಂಗ್ಸಿನ ಆ ಉದ್ದದ ಪಟ್ಟಿಯನ್ನು ಟೀಚರಿನಂತೆ ಬೆರಳಿಟ್ಟು ಓದುತ್ತ ಹೋದೆ. ಕೆಳಗೆಲ್ಲೋ ‘ಶೋ ಪಿಕ್ಚರ್ಸ್’ ಎಂದಿತ್ತು. ಅದರ ಮುಂದಿನ ಚೌಕ ಖಾಲಿ.

“ರೀ, ಇದನ್ನ ಯಾವಾಗ ತೆಗೆದ್ರಿ?”

“ಅದು... ಮೊದಲ್ನೇ ದಿನಾನೇ ಕಣೇ. ಚಿತ್ರ ಎಲ್ಲ ಅನಾವಶ್ಯಕ ಖರ್ಚು ಅಂತ...”

ಟಿಕ್ ಹಾಕಿದೆವು. ಮೋಡೆಮ್ ಮತ್ತೆ ಕೂಗಿತು. ಬಿಳಿಯ ಚೌಕದ ಮೇಲಂಚಿನಲ್ಲಿ ಆಕಾಶದ ಒಂದು ಎಳೆ ಮೂಡಿತು. ನಮ್ಮ ಕಾನ್ವೆಂಟಿನ ಒಬ್ಬ ಸಿಸ್ಟರ್ ಕೆಂಪು ಬಲ್ಬಿನ ಕತ್ತಲೆಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದರು. ಟ್ರೇಯ ನೀರಿನಲ್ಲಿ ಬಿಳಿ ಕಾಗದದಿಂದ ಮುಖಗಳು ಮೆಲ್ಲಗೆ ಎದ್ದು ಬರುವುದನ್ನು ಡೋರೀನಳೂ ನಾನೂ ಉಸಿರು ಬಿಗಿಹಿಡಿದು ನೋಡಿದ್ದೆವು. ಈಗ ಅವಳೇ ಹಾಗೆ ಬರುತ್ತಿದ್ದಳು. ಕೂದಲಿಲ್ಲ, ತಲೆಗೆ ಕಟ್ಟಿದ ನೀಲಿ ಬಟ್ಟೆ. ಆಮೇಲೆ ಸುಕ್ಕುಗಟ್ಟಿದ ಹಣೆ. ಯಾರದೋ ಹಣೆ. ಯಜಮಾನರು ತಡೆಯಲಾರದೆ ಮೌಸಿನತ್ತ ಕೈ ಚಾಚಿದರು.

“ಸುಮ್ನಿರೋ ಸೀನಾ,” ಎಂದರು ಅತ್ತಿಗೆ. “ಅಷ್ಟು ದೂರದಿಂದ ಬರ್ತಿದಾಳೆ. ನಿಧಾನವಾಗಿ ಬರ್ಲಿ.”

ಎಡಗಡೆಯ ಹುಬ್ಬು ಬಂತು. ಅದರ ನಡುವೆ ಬಿಳಿಯ ಗೆರೆ. ಗಣಿಯ ಮಣ್ಣುಗುಡ್ಡೆಯಿಂದ ನಾವಿಬ್ಬರೂ ಜಾರಿ ಉರುಳಿದ ದಿನದ ಗಾಯ! ಕಣ್ಣು ಇನ್ನೂ ಬಂದಿರಲಿಲ್ಲ, ನಾನಾಗಲೇ “ಡೋರೀ!” ಎಂದು ಕೂಗಿಬಿಟ್ಟಿದ್ದೆ. ಅತ್ತಿಗೆ ಕೈಮುಗಿದು ನಿಂತಿದ್ದರು, ಅಭ್ಯಾಸಬಲ.

ನಡೆದದ್ದನ್ನೆಲ್ಲ ನಡೆದ ಹಾಗೆಯೇ ಅವಳಿಗೆ ಬರೆದೆ, ಕಣ್ಣು ಬರುವ ಮೊದಲೇ ಗುರುತು ಸಿಕ್ಕಿತು ಎಂದೂ ಬರೆದೆ. ಮರುದಿನ ಯಜಮಾನರು ನಮ್ಮಿಬ್ಬರಿಗೂ ಹೇಳದೆ, ಸಿಸ್ಟಮ್ಮಿನಿಂದ ಕಿತ್ತುಕೊಂಡಿದ್ದ ಆ ಐದನೇ ಪಾಲನ್ನು ಅದಕ್ಕೇ ವಾಪಸ್ಸು ಕೊಟ್ಟಿದ್ದರು. ಯಾಕೆಂದು ಕೇಳಿದೆ.

“ಇರ್ಲಿ ಬಿಡೇ,” ಎಂದರು. “ಅದಕ್ಕೂ ಏನೋ ಕಾರಣ ಇರುತ್ತೆ.”