ಅರಿಶಿಣದ ಮನೆಯಲ್ಲಿ ಕಾಣದ ಕ್ಲಿಪ್ಪು

ತಂತಿಯ ತುದಿ ಕೆನ್ನೆಯೊಳಗೆ ಚುಚ್ಚಬಹುದು. ಹಲ್ಲಿಗೆ ಅಂಟಿಸಿದ ತುಣುಕು ಕಳಚಿ ಗಂಟಲಿಗೆ ಇಳಿಯಬಹುದು. ಖಾರದ ಚುರುಮುರಿ ಭಡಂಗದೊಳಗಿನ ಶೇಂಗಾ ಕಡಿದು ಎಲ್ಲವೂ ಕಿತ್ತು ಬರಬಹುದು. ಬ್ರಶ್ ಸರಿಯಾಗಿ ಆಡದೆ ಹುಳುಕು ಹಿಡಿಯಬಹುದು. ಎಲ್ಲ ಮುಗಿದು ಕ್ಲಿಪ್ ತೆಗೆದ ಮೇಲೆ ಹಲ್ಲುಗಳು ಹಳೆಯ ಜಾಗಕ್ಕೇ ವಾಪಸು ಹೊರಡಬಹುದು. ಸಿಡಿಲು ಬಡಿಯಬಹುದು (ಬಾಯಲ್ಲಿ ಲೋಹ ಇರುತ್ತದಲ್ಲ!).

ಹದಿಮೂರು ವರ್ಷದ ಮಗಳು ಗೌರಿಯ ಹಲ್ಲಿಗೆ ಕ್ಲಿಪ್ ಹಾಕಿಸಲು ಸಾಂಗ್ಲಿಯಿಂದ ಮಿರಜಕ್ಕೆ ಹೊರಟ ಬೆಳಿಗ್ಗೆ, ನಮ್ಮ ಅಂಗಡಿಯಲ್ಲಿ ಅರಿಶಿಣದ ಸ್ಯಾಂಪಲ್ ಕಟ್ಟುವ ಕಾಗದದ ಮೇಲೆ ನಾನು ಬರೆದುಕೊಂಡ ಪಟ್ಟಿ ಇದು. ಸಿಡಿಲನ್ನು ಹೆಂಡತಿ ಹೊಡೆದುಹಾಕಿದಳು.

ಗೌರಿಯ ತೊಂದರೆ ಅಂದಚಂದದ್ದಲ್ಲ. ಅವಳ ಮೇಲಿನ ಹಲ್ಲುಗಳು ಮುಂದೆ ಬಂದು ಕೆಳಗಿನವನ್ನು ಪೂರ್ತಿ ಮುಚ್ಚಿವೆ. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಅಂಗುಳಕ್ಕೇ ಚುಚ್ಚಿ ಗಾಯ. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುತ್ತಿದ್ದಳು. ನಾವೇನು ಮಾಡಿದೆವು? "ಭಾಳ ನಾಜೂಕಿನಾಕಿ" ಎಂದು ನಕ್ಕೆವು. ವರ್ಷಗಟ್ಟಲೆ ನಕ್ಕೆವು!

ಸುದ್ದಿ ಕೇಳಿ ಹಿಂದಿನ ದಿನವೇ ಸಾಂಗ್ಲಿವಾಡಿಯಿಂದ ಅಕ್ಕ ಬಂದಿದ್ದಳು.

"ಛಲೋ ಆತು ತಮ್ಮಾ. ಲಗ್ನದ ತಯಾರಿ ಈಗಿಂದನ ಸುರು ಮಾಡಿದಿ."

"ಅಕ್ಕಾ, ಆಕಿಗೆ ರೊಟ್ಟಿ ಕಡಿಯಾಕ ಬರವಲ್ದು."

"ಅದ ಇರ್ಲಿ. ಮಂದಿಗೆ ಕಾಣದಂಗ ಹಾಕ್ಸು. ನಾಳೆ ಹುಡುಗಿಗೆ ಏನೋ ಐಬು ಐತಿ ಅಂತಾರ."

ಮೈ ಉರಿಯಿತು. ಮಗು ಊಟಕ್ಕೆ ಕೂತು ಕಣ್ಣೀರು ಹಾಕುತ್ತಿದೆ, ಇವರಿಗೆ ಅಕ್ಷತೆಯ ಚಿಂತೆ! ಹೆಣ್ಣುಮಗಳ ಬಾಯಿ ಅವಳದಲ್ಲವೆ? ಇನ್ನೂ ಯಾರೆಂದೇ ಗೊತ್ತಿಲ್ಲದ ಬೀಗರದೆ?

ಅಕ್ಕನ ಮಗನಿಗೆ ಇಪ್ಪತ್ತೆಂಟು. ಅವನ ಹಲ್ಲುಗಳೋ, ಸಂತೆಗೆ ಹೋಗುವ ಟಂಟಂನಲ್ಲಿ ಕೂತ ಜನರಂತೆ ಒಂದರ ಮೇಲೊಂದು. ಸಂದಿಗೆ ಬ್ರಶ್ ಹೋಗುವುದಿಲ್ಲ, ಒಸಡಿನಿಂದ ರಕ್ತ ಬರುತ್ತದೆ. ಒಸಡು ಸರಿಪಡಿಸಿಕೊಂಡರೆ ಈ ವಯಸ್ಸಿಗೂ ಕ್ಲಿಪ್ ಹಾಕಬಹುದಂತೆ. ಹೇಳಿ ನೋಡಿದೆ. "ಗಂಡ್ಸಿನ ಹಲ್ಲು ಯಾರ್ ನೋಡ್ತಾರೋ?" ಎಂದಳು ಅಕ್ಕ. ನೋಡುವವರಿಲ್ಲ ಎಂದರೆ ನೋವೂ ಇಲ್ಲ!

ಇಷ್ಟು ಉರಿದ ನಾನು ಮಿರಜದಲ್ಲಿ ಏನು ಮಾಡಿದೆ ಕೇಳಿ.

ಡಾಕ್ಟರ್ ಮೇಡಂ ಅಥಣಿ ಕಡೆಯವರು, ಸಾವಧಾನದವರು. ತಂತಿ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪವೇ ಹಲ್ಲನ್ನು ಸರಿಸುತ್ತದೆ, ಕ್ಲಿಪ್ ತೆಗೆದ ಮೇಲೂ ಹಲ್ಲು ನಿಂತಲ್ಲೇ ನಿಲ್ಲಲು ರಿಟೇನರ್ ಹಾಕಿಕೊಳ್ಳಬೇಕು ಎಂದು ನನ್ನ ಪಟ್ಟಿಗೆಲ್ಲ ಉತ್ತರ ಕೊಟ್ಟರು. ಆಮೇಲೆ ತಂತಿಯನ್ನು ಹಿಡಿದಿಡುವ ಪುಟ್ಟ ರಬ್ಬರ್ ರಿಂಗುಗಳ ಡಬ್ಬಿ ತೆರೆದರು.

"ಪಪ್ಪಾ, ನೀಲಿ! ಮಸ್ತ್ ಕಾಣ್ತದ," ಎಂದಳು ಗೌರಿ.

ನನ್ನ ಬಾಯಿಂದ ಬಂದದ್ದು: "ಬ್ಯಾಡ. ಕಾಣದಂಥಾವು ಹಾಕ್ರಿ ಮೇಡಂ."

ಗೌರಿ ಡಬ್ಬಿಯಿಂದ ಬೆರಳು ಹಿಂದಕ್ಕೆ ತೆಗೆದಳು. ಮೇಡಂ ಏನೋ ಹೇಳಿದರು. ನಾನು ಪಟ್ಟಿಯಲ್ಲಿ ಮುಂದಿನ ಪ್ರಶ್ನೆ ಹುಡುಕುತ್ತಿದ್ದೆ. ಹಲ್ಲಿನ ಬಣ್ಣದ ತುಣುಕುಗಳು, ನೀರಿನಂಥ ರಿಂಗುಗಳು ಕೂತವು.

ನಮ್ಮದು ಮೂರು ತಲೆಮಾರಿನ ಅರಿಶಿಣ ವ್ಯಾಪಾರ. ಸಾರಿಗೆ ಅರಿಶಿಣ, ಪಲ್ಯಕ್ಕೆ ಅರಿಶಿಣ, ಕೆಮ್ಮಿದರೆ ಹಾಲಿಗೂ ಅರಿಶಿಣ. ನಾಲ್ಕೇ ದಿನ! ರಿಂಗುಗಳೆಲ್ಲ ಹಳದಿ.

ಅಕ್ಕ ಬಾಗಿಲಲ್ಲೇ ನಿಂತಳು. "ಅಯ್ಯ ಶಿವನ! ಇಲ್ಲೀತನ ಹೊಳ್ಯಾಕ್ಹತ್ತ್ಯಾವಲ್ಲೋ!"

"ಆತ್ಯಾ, ಪಪ್ಪಾನ ಅಂಗಡಿ ಮಾಲ್! ಪಕ್ಕಾ ಅಸ್ಲಿ!" ಗೌರಿ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಳು.

ತಿಂಗಳ ಮೇಲೆ ಮತ್ತೆ ಮಿರಜಕ್ಕೆ ಹೋದಾಗ ಮೇಡಂ ಕೇಳಿದರು: "ಅರಿಶಿಣ ಹಿಡೀತದ, ಬಣ್ಣದ್ದ ಹಾಕ್ಸ್ರಿ ಅಂತ ಅವತ್ತ ಹೇಳಿದ್ನಲ್ರಿ? ಅದೂ ಅರಿಶಿಣದ ವ್ಯಾಪಾರಸ್ಥರು ನೀವು!"

ತಂತಿ ಚುಚ್ಚಿಲ್ಲ. ತುಣುಕು ಕಳಚಿಲ್ಲ. ಹುಳುಕು ಹಿಡಿದಿಲ್ಲ. ಪಟ್ಟಿಯಲ್ಲಿದ್ದ ಒಂದೂ ಆಗಿಲ್ಲ. ಆದದ್ದು ಇಷ್ಟೇ: ಮಗಳು ನೀಲಿ ಕೇಳಿದಳು, ಅಪ್ಪ ಬೇಡ ಎಂದ.